ನೆಲಜಲಗಳ ರಕ್ಷಣೆಯೂ ಶರಣಧರ್ಮವೂ

(ಮೈಸೂರು ಕುವೆಂಪುನಗರದಲ್ಲಿ ಕೂಡಿದ ಭಕ್ತಸಭೆಯಲ್ಲಿ ನಡೆದ ಉಪನ್ಯಾಸ)



ಮಹೋತ್ಸವವೆಂಬುದು ಕಳೆದುಹೋದ ವರ್ಷಗಳನ್ನು ಎಣಿಸಿ ಸಂತೋಷಪಡುವ ಸಮಯವು ಮಾತ್ರವಲ್ಲ. ಮುಂದೆ ಬರುವವರಿಗೆ ಏನನ್ನು ಉಳಿಸಿಕೊಡಬೇಕೆಂಬುದನ್ನು ಆಲೋಚಿಸತಕ್ಕ ಸಮಯವೂ ಅಹುದು. ಮಠದ ಗದ್ದುಗೆಯನ್ನು, ಗ್ರಂಥಭಂಡಾರವನ್ನು, ದಾಸೋಹದ ಮನೆಯನ್ನು, ವಿದ್ಯಾರ್ಥಿನಿಲಯವನ್ನು ಕಾಪಾಡಬೇಕೆಂದು ಭಕ್ತರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಆ ದಾಸೋಹಕ್ಕೆ ರಾಗಿ ಜೋಳಗಳನ್ನು ಕೊಡುವ ಹೊಲವು, ಹೊಲಕ್ಕೆ ನೀರನ್ನು ಕೊಡುವ ಕೆರೆಯು, ಕೆರೆಗೆ ಮಳೆಯ ನೀರನ್ನು ಇಳಿಸಿಕೊಡುವ ಗುಡ್ಡವು, ಇವೂ ಕಾಪಾಡಬೇಕಾದ ಸ್ವತ್ತೇ ಎಂದು ನೆನೆಯುವವರು ವಿರಳ. ಈ ಮರೆವನ್ನು ಕಳೆಯುವುದೇ ಇಂದಿನ ಮಾತಿನ ಉದ್ದೇಶ.

ಪಟ್ಟಣದ ಬಡಾವಣೆಯೊಂದರಲ್ಲಿ ಕುಳಿತು ಹಳ್ಳಿಗಾಡಿನ ಗುಡ್ಡ ಕೆರೆಗಳನ್ನು ಕುರಿತು ಮಾತನಾಡುವುದೇಕೆ ಎಂದು ಕೆಲವರು ಕೇಳಬಹುದು. ಕುವೆಂಪುನಗರವು ಎಲ್ಲಿ ನಿಂತಿದೆಯೆಂಬುದನ್ನು ನೋಡಿದರೆ ಉತ್ತರವು ತಾನಾಗಿಯೇ ದೊರಕುವುದು. ಇದರ ಒಂದು ಕಡೆಗೆ ಕುಕ್ಕರಹಳ್ಳಿಯ ಕೆರೆ, ಇನ್ನೊಂದು ಕಡೆಗೆ ಲಿಂಗಾಂಬುಧಿಯ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರು ಉಳಿಯಲೆಂದು ೧೮೨೮ರಲ್ಲಿ ಲಿಂಗಾಂಬುಧಿಯನ್ನು ಕಟ್ಟಿಸಿದರು. ಊರ ಹೊರಗಣ ಬೇಸಾಯಕ್ಕೆ ನೀರಾಗಲೆಂದು ೧೮೬೪ರಲ್ಲಿ ಕುಕ್ಕರಹಳ್ಳಿಯ ಕೆರೆಯನ್ನು ಕಟ್ಟಿಸಿದವರೂ ಅವರೇ. ಈ ಬಡಾವಣೆಗೆ ಯಾರ ಹೆಸರನ್ನು ಇಟ್ಟಿದೆಯೋ ಆ ಮಹಾಕವಿಯೂ ಕುಕ್ಕರಹಳ್ಳಿಯ ದಂಡೆಯಲ್ಲಿ ತಿರುಗಾಡಿದವರೇ. ಇಂದು ಮನೆಗಳು ನಿಂತಿರುವ ನೆಲವು ಹಿಂದೆ ಹಳ್ಳಿಯ ನೆಲವೇ ಆಗಿದ್ದಿತು. ಇಲ್ಲಿ ನೆಲೆಸಿರುವ ಕುಟುಂಬಗಳಲ್ಲಿಯೂ ಎಷ್ಟೋ ಕುಟುಂಬಗಳಿಗೆ ಹಳ್ಳಿಯಲ್ಲಿ ಇನ್ನೂ ಹೊಲವುಂಟು, ಮನೆದೇವರುಂಟು, ಹಿರಿಯರ ಸಮಾಧಿಯುಂಟು. ಬೇರು ಅಲ್ಲಿ, ಕೊಂಬೆ ಇಲ್ಲಿ. ಬೇರು ಒಣಗಿದ ಮೇಲೆ ಕೊಂಬೆಗೆ ನೀರೆರೆದು ಫಲವೇನು?

ಹಿರಿಯರು ಒಂದು ಊರನ್ನು ಕಟ್ಟುವಾಗ ಬರಿಯ ಮನೆಗಳನ್ನು ಕಟ್ಟಲಿಲ್ಲ. ಗುಡ್ಡದ ಇಳಿಜಾರನ್ನು ಮೇವಿಗೆ ಬಿಟ್ಟರು. ಅದರ ಬುಡದಲ್ಲಿ ಏರಿಯನ್ನು ಹಾಕಿ ಕೆರೆಯನ್ನು ನಿಲ್ಲಿಸಿದರು. ಹೆಚ್ಚಾದ ನೀರು ಹೋಗುವುದಕ್ಕೆ ಕೋಡಿಯನ್ನೂ, ಗದ್ದೆಗೆ ಬಿಡುವುದಕ್ಕೆ ತೂಬನ್ನೂ ಇಟ್ಟರು. ದನಕರುಗಳಿಗೆ ಗೋಮಾಳವನ್ನೂ, ದಾರಿಹೋಕರ ನೆರಳಿಗೆ ಗುಂಡುತೋಪನ್ನೂ, ದೇವರ ಹೆಸರಿನಲ್ಲಿ ಬನವನ್ನೂ ಬಿಟ್ಟರು. ಇವು ಒಂದೇ ದೇಹದ ಅವಯವಗಳು. ಗುಡ್ಡದ ಮೇಲಿನ ಹುಲ್ಲು ಗಿಡಗಳು ಹೋದರೆ ಮಳೆಯ ನೀರು ನಿಲ್ಲದೆ ಮಣ್ಣನ್ನು ಹೊತ್ತು ಓಡುವುದು. ಆ ಮಣ್ಣು ಕೆರೆಯಲ್ಲಿ ಹೂಳಾಗಿ ಕೂರುವುದು. ಹೂಳು ತುಂಬಿದ ಕೆರೆಯಲ್ಲಿ ನೀರು ನಿಲ್ಲದೆ ಬಾವಿಗಳು ಬತ್ತುವುವು. ಮೇಲೆ ಮಾಡಿದ ತಪ್ಪಿಗೆ ಕೆಳಗಿನವನು ದಂಡವನ್ನು ತೆರುವನು. ಅದಕ್ಕಾಗಿಯೇ ಬೇಸಗೆಯಲ್ಲಿ ಊರವರೆಲ್ಲರೂ ಕೂಡಿ ಹೂಳನ್ನು ತೆಗೆದು ಹೊಲಕ್ಕೆ ಹಾಕಿಕೊಳ್ಳುವ ಪದ್ಧತಿ ಇದ್ದಿತು. ಕೆರೆಗೆ ಆಳ, ಹೊಲಕ್ಕೆ ಗೊಬ್ಬರ, ಊರಿಗೆ ಒಗ್ಗಟ್ಟು, ಮೂರೂ ಒಂದೇ ಕೆಲಸದಿಂದ ಆಗುತ್ತಿದ್ದುವು.

ಶರಣರ ಚರಿತ್ರೆಯನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದ ಮಹಾಪುರುಷರು. ಇಂದಿಗೂ ಸೊಲ್ಲಾಪುರದಲ್ಲಿ ಅವರ ಗುಡಿಯು ನೀರಿನ ನಡುವೆಯೇ ನಿಂತಿದೆ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದಾಗ ಈ ಕೆಲಸವನ್ನು ಕಂಡು ಒಡನೆಯೇ ಹೊಗಳಲಿಲ್ಲವೆಂದೂ, ಮಣ್ಣು ಹೊರುವ ಒಡ್ಡನೆಂದು ಕೆಣಕಿ ನುಡಿದರೆಂದೂ ಶೂನ್ಯಸಂಪಾದನೆಯು ಹೇಳುತ್ತದೆ. ಪ್ರಭುಗಳು ಹಳಿದುದು ಕೆರೆಯನ್ನಲ್ಲ. ‘ನಾನು ಕಟ್ಟಿಸಿದೆನು’ ಎಂಬ ಅಭಿಮಾನವನ್ನು. ಆ ಅಭಿಮಾನವು ಕಳೆದ ಮೇಲೆ ಉಳಿದುದೇ ಕಾಯಕ. ಕೆರೆ ಕಟ್ಟೆಗಳ ಕೆಲಸಕ್ಕೆ ಕೈಹಾಕುವ ಪ್ರತಿಯೊಬ್ಬರೂ ಈ ಪ್ರಸಂಗವನ್ನು ನೆನೆಯತಕ್ಕುದು. ಒಂದು ಸಸಿಯನ್ನು ನೆಟ್ಟು ಹತ್ತು ಚಿತ್ರಗಳನ್ನು ತೆಗೆಸಿಕೊಂಡು, ಮರುದಿನ ಆ ಸಸಿಗೆ ನೀರೆರೆಯುವವರಿಲ್ಲದೆ ಹೋದರೆ ಅದು ಕಾಯಕವೆನಿಸದು. ಅದು ಪ್ರಭುಗಳು ಕೆಣಕಿದ ಅಭಿಮಾನವೇ ಸರಿ.

ಇನ್ನು ಇತ್ತಲಿನ ಕಾಲದಲ್ಲಿ ಜನರು ತಾವಾಗಿಯೇ ಕೂಡಿ ನೆಲವನ್ನೂ ಪ್ರಾಣಿಪಕ್ಷಿಗಳನ್ನೂ ಕಾಪಾಡಿದ ಎರಡು ದೃಷ್ಟಾಂತಗಳನ್ನು ನೋಡೋಣವಾಗಲಿ. ಒಂದು ಮೈಸೂರಿನ ನೆರೆಯದು. ಇನ್ನೊಂದು ಉತ್ತರದ ಗದಗಸೀಮೆಯದು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಸಮೀಪವಾಗಿ, ಬೆಳ್ಳೂರೆಂಬ ಹಳ್ಳಿಯುಂಟು. ಊರ ನಡುವಣ ಹುಣಿಸೆ, ಅರಳಿ, ಬಸರಿ ಮರಗಳ ಮೇಲೆ ಪ್ರತಿವರ್ಷವೂ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಗೂಡುಕಟ್ಟಿ ಮರಿಮಾಡುವುದರಿಂದ ಅದು ಕೊಕ್ಕರೆ ಬೆಳ್ಳೂರೆನಿಸಿತು. ಹಿಂದೆ ಪ್ಲೇಗು ಬಂದು ಊರು ಜಾಗವನ್ನು ಬದಲಿಸಿದಾಗ ಹಕ್ಕಿಗಳೂ ಜನರನ್ನು ಹಿಂಬಾಲಿಸಿ ಬಂದುವೆಂದು ಊರಿನ ಹಿರಿಯರು ಹೇಳುವರು. ಹೆರಿಗೆಗಾಗಿ ತವರಿಗೆ ಬರುವ ಹೆಣ್ಣುಮಕ್ಕಳೆಂದೇ ಆ ಊರವರು ಈ ಹಕ್ಕಿಗಳನ್ನು ಭಾವಿಸುವರು. ತವರಿಗೆ ಬಂದ ಮಗಳನ್ನು ಹೊಡೆದಟ್ಟುವ ತಾಯಿಯುಂಟೇ? ಹುಣಿಸೆಯ ಮರದ ಮೇಲೆ ಹಕ್ಕಿಗಳು ಗೂಡು ಕಟ್ಟಿದರೆ ಆ ಮರದ ಫಸಲು ಒಡೆಯನಿಗೆ ದಕ್ಕುವುದು ಕಷ್ಟ. ಆದರೂ ಹಕ್ಕಿಯ ಹಿಕ್ಕೆಯಿಂದ ಗೊಬ್ಬರವಾಗುವುದೆಂದು ಸಮಾಧಾನ ತಾಳಿ, ಆ ಗೊಬ್ಬರವನ್ನು ಹೊಲಕ್ಕೆ ಹಾಕಿ, ಜನರು ಹಕ್ಕಿಗಳೊಡನೆ ಬಾಳಿದರು.

೧೯೭೬ರಲ್ಲಿ ಅರಣ್ಯಾಧಿಕಾರಿಗಳಾದ ಎಸ್. ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಬಳಿಕ ಅರಣ್ಯ ಇಲಾಖೆಯು ಗೂಡುಕಟ್ಟುವ ಮರಗಳ ಒಡೆಯರಿಗೆ ಮರವೊಂದಕ್ಕೆ ಇಷ್ಟೆಂದು ಹಣ ಕೊಡುವ ಏರ್ಪಾಡನ್ನು ಮಾಡಿತು. ೧೯೯೦ರ ದಶಕದಲ್ಲಿ ಮೈಸೂರಿನ ಪ್ರಕೃತಿಪ್ರಿಯರ ಸಂಘವೊಂದು ಅಲ್ಲಿಗೆ ಹೋಗಿ, ಊರಿನ ತರುಣರನ್ನು ಸೇರಿಸಿ ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಲು ನೆರವಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿ ಹಾಕಿದ ಆವರಣದಲ್ಲಿಟ್ಟು, ಮೀನನ್ನು ಉಣಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟುಬಿಡುವುದು ಈ ಬಳಗದ ಕೆಲಸ. ಹೆಸರಿಗಾಗಿ ಮಾಡುವ ಕೆಲಸವಲ್ಲವಿದು. ದಿನವೂ ಮಾಡಬೇಕಾದ ಕೆಲಸ. ೨೦೦೭ರಲ್ಲಿ ಸರ್ಕಾರವು ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ೨೦೧೭ರ ಕೊನೆಯಲ್ಲಿ ಆರಂಭವಾಗಿ ಮುಂದಿನ ವರ್ಷವೂ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತುಬಿದ್ದಾಗ, ಹೊಟ್ಟೆಯೊಳಗಿನ ಜಂತುವಿನ ಬಾಧೆಯೇ ಕಾರಣವೆಂದು ಪರೀಕ್ಷೆಯಿಂದ ತಿಳಿಯಿತು. ಅವುಗಳ ಆಹಾರವು ಸುತ್ತಲಿನ ಕೆರೆಗಳ ಮೀನು. ಊರೊಳಗಣ ಮರವನ್ನು ಎಷ್ಟು ಪ್ರೀತಿಯಿಂದ ಕಾಪಾಡಿದರೂ, ದೂರದ ಕೆರೆಯ ನೀರು ಕೆಟ್ಟರೆ ಹಕ್ಕಿಗೆ ಕ್ಷೇಮವಿಲ್ಲವೆಂಬ ಪಾಠವು ಇದರಿಂದ ದೊರಕಿತು.

ಇಲ್ಲಿ ಕಾನೂನಿನ ಮಾತನ್ನು ಒಂದಿಷ್ಟು ತಿಳಿಯುವುದು ಒಳ್ಳೆಯದು. ವನ್ಯಜೀವಿಗಳ ರಕ್ಷಣೆಗಾಗಿ ೧೯೭೨ರಲ್ಲಿ ಆದ ಕಾಯಿದೆಯನ್ನು ೨೦೦೨ರಲ್ಲಿ ತಿದ್ದಿ, ಎರಡು ಹೊಸ ಬಗೆಗಳನ್ನು ಸೇರಿಸಿದರು. ಸರ್ಕಾರದ ನೆಲವನ್ನು ಸುತ್ತಲಿನ ಜನರೊಡನೆ ಸಮಾಲೋಚಿಸಿ ಕಾಪಿಟ್ಟರೆ ಅದು ಸಂರಕ್ಷಣಾ ಮೀಸಲು. ಜನರು ತಮ್ಮ ಸ್ವಂತದ ಅಥವಾ ಸಾಮೂಹಿಕವಾದ ನೆಲವನ್ನು ತಾವಾಗಿಯೇ ಮುಂದೆ ಬಂದು ಕಾಪಿಗೆ ಒಪ್ಪಿಸಿದರೆ ಅದು ಸಮುದಾಯ ಮೀಸಲು. ಅದರ ಆಡಳಿತದ ಸಮಿತಿಯಲ್ಲಿ ಗ್ರಾಮಪಂಚಾಯತಿಯ ಪ್ರತಿನಿಧಿಗಳಿರುವರು. ಅಭಯಾರಣ್ಯವು ಇವೆರಡಕ್ಕಿಂತ ಬಿಗಿಯಾದ ಕಟ್ಟಳೆಗಳುಳ್ಳದು. ಕೊಕ್ಕರೆ ಬೆಳ್ಳೂರು ಎರಡನೆಯ ಬಗೆಗೆ ಸೇರಿದುದು. ಮುಂದೆ ಹೇಳುವ ಗುಡ್ಡವು ಮೊದಲನೆಯ ಬಗೆಯಿಂದ ಹೊರಟು ಮೂರನೆಯದನ್ನು ಮುಟ್ಟಿತು. ಆದರೆ ಆ ದಾರಿಯು ನೇರವಾಗಿರಲಿಲ್ಲ.

ಎಪ್ಪತ್ತು ಗಿರಿಗಳನ್ನು ನೋಡುವುದಕ್ಕಿಂತ ಕಪ್ಪತಗಿರಿಯೊಂದನ್ನು ನೋಡುವುದು ಲೇಸೆಂದು ಗದಗಸೀಮೆಯ ಜನರು ಹೇಳುವರು. ಕಪ್ಪತಗುಡ್ಡವು ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿ, ತುಂಗಭದ್ರೆಯ ಕಡೆಗೆ ಸಾಗುವ ಬೆಟ್ಟಗಳ ಸಾಲು. ಸುತ್ತಲೂ ಮಳೆ ಕಡಿಮೆಯಾದ ಎರೆಭೂಮಿ; ನಡುವೆ ಹುಲ್ಲು ಕುರುಚಲುಗಳ ಈ ಹಸುರು. ಗುಡ್ಡದಲ್ಲಿ ಕಪ್ಪತಮಲ್ಲೇಶ್ವರನ ಗುಡಿಯಿದೆ, ನಂದಿವೇರಿ ಮಠವಿದೆ. ಮದ್ದಿನ ಗಿಡಮೂಲಿಕೆಗಳಿಗೆ ಈ ಗುಡ್ಡವು ಹಿಂದಿನಿಂದಲೂ ಹೆಸರುವಾಸಿ. ನಾಡವೈದ್ಯರು ದೂರದೂರದಿಂದ ಬಂದು ಇಲ್ಲಿಯ ಬೇರು ತೊಗಟೆಗಳನ್ನು ಒಯ್ಯುತ್ತಿದ್ದರು. ತೋಳ, ಕತ್ತೆಕಿರುಬ, ನರಿ, ಚಿರತೆ, ಕೊಂಡುಕುರಿ ಮೊದಲಾದ ಬಯಲುಸೀಮೆಯ ಪ್ರಾಣಿಗಳಿಗೆ ಇದು ಆಶ್ರಯ.

ಆದರೆ ಗುಡ್ಡದ ಹೊಟ್ಟೆಯಲ್ಲಿ ಕಬ್ಬಿಣದ ಅದಿರೂ ಚಿನ್ನವೂ ಇವೆ. ಮೇಲಿರುವ ಹುಲ್ಲನ್ನು ಕಂಡವರು ಗುಡ್ಡವನ್ನು ಪೂಜಿಸಿದರು; ಒಳಗಿರುವ ಲೋಹವನ್ನು ಕಂಡವರು ಅದನ್ನು ಅಗೆಯಬಯಸಿದರು. ನೆರೆಯ ಬಳ್ಳಾರಿ ಸಂಡೂರುಗಳಲ್ಲಿ ಅದಿರಿನ ಅಗೆತವು ಮಿತಿಮೀರಿ, ಬೆಟ್ಟಗಳು ಕರಗಿ, ಹೊಲಗಳ ಮೇಲೆ ಕೆಂಪು ಧೂಳು ಕವಿದುದನ್ನು ಜನರು ಕಣ್ಣಾರೆ ಕಂಡಿದ್ದರು. ಅಲ್ಲಿಯ ಅಕ್ರಮಗಳನ್ನು ಕುರಿತು ಲೋಕಾಯುಕ್ತರ ವರದಿಯು ಹೊರಬಂದುದೂ, ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ತಡೆದುದೂ ೨೦೧೧ರಲ್ಲಿ. ಅದೇ ವರ್ಷ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತ, ದಕ್ಷಿಣ ಕೊರಿಯಾ ದೇಶದ ಪೋಸ್ಕೋ ಸಂಸ್ಥೆಯ ಉಕ್ಕಿನ ಕಾರ್ಖಾನೆಗಾಗಿ ರೈತರ ಸಾವಿರಾರು ಎಕರೆ ಭೂಮಿಯನ್ನು ತೆಗೆದುಕೊಳ್ಳುವ ಪ್ರಯತ್ನವು ನಡೆಯಿತು.

ಆಗ ರೈತರ ಮುಂದೆ ನಿಂತವರು ಗದಗಿನ ತೋಂಟದಾರ್ಯ ಮಠದ ಜಗದ್ಗುರು ಡಾ. ಸಿದ್ಧಲಿಂಗ ಮಹಾಸ್ವಾಮಿಗಳು. ೧೯೭೪ರಲ್ಲಿ ಪೀಠವನ್ನೇರಿದ ಈ ಸ್ವಾಮಿಗಳು ಗ್ರಂಥಪ್ರಕಟನೆಗೂ ಸರ್ವಜನಸೌಹಾರ್ದಕ್ಕೂ ಪ್ರಸಿದ್ಧರು. ಮಠಾಧಿಪತಿಗಳಿಗೆ ಭೂಮಿಯ ತಕರಾರಿನ ಗೊಡವೆ ಏಕೆಂದು ಅವರು ಸುಮ್ಮನಿರಲಿಲ್ಲ. ಅನ್ನವನ್ನು ಬೆಳೆಯುವ ನೆಲವು ಹೋದ ಮೇಲೆ ದಾಸೋಹವೆಲ್ಲಿ? ಜನರ ವಿರೋಧವು ಬಲವಾದುದರಿಂದ ೨೦೧೧ರಲ್ಲಿಯೇ ಸರ್ಕಾರವು ಆ ಯೋಜನೆಯನ್ನು ಅಲ್ಲಿಂದ ಕೈಬಿಟ್ಟಿತು.

ಗುಡ್ಡದ ಪ್ರಶ್ನೆಯು ಮಾತ್ರ ಉಳಿದೇ ಇದ್ದಿತು. ೨೦೧೫ರ ಡಿಸೆಂಬರಿನಲ್ಲಿ ಸರ್ಕಾರವು ಕಪ್ಪತಗುಡ್ಡದ ೧೭,೮೭೨ ಹೆಕ್ಟೇರು ಅರಣ್ಯವನ್ನು ಸಂರಕ್ಷಣಾ ಮೀಸಲೆಂದು ಘೋಷಿಸಿದಾಗ ಜನರಿಗೆ ಹರ್ಷವಾಯಿತು. ಆ ಹರ್ಷವು ಒಂದು ವರ್ಷವೂ ನಿಲ್ಲಲಿಲ್ಲ. ೨೦೧೬ರ ನವೆಂಬರಿನಲ್ಲಿ ಅದೇ ಸರ್ಕಾರವು ಆ ಘೋಷಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಕಾಗದದ ಮೇಲೆ ಬರೆದುದನ್ನು ಕಾಗದದ ಮೇಲೆಯೇ ಅಳಿಸಬಹುದೆಂಬುದು ಆಗ ಎಲ್ಲರಿಗೂ ಅರಿವಾಯಿತು.

ಇದರ ಬಳಿಕ ನಡೆದುದು ಕರ್ನಾಟಕದ ಮಠಗಳ ಚರಿತ್ರೆಯಲ್ಲಿ ನೆನೆಯತಕ್ಕ ಸಂಗತಿ. ತೋಂಟದ ಶ್ರೀಗಳ ನೇತೃತ್ವದಲ್ಲಿ, ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳು, ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಮೊದಲಾದವರು ಜನರನ್ನು ಕೂಡಿಸಿದರು. ೨೦೧೭ರ ಫೆಬ್ರವರಿಯಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿಯು ನಡೆಯಿತು. ರೈತರು, ಕೂಲಿಕಾರರು, ವಿದ್ಯಾರ್ಥಿಗಳು, ಸಾಹಿತಿಗಳು, ಹಲವು ಮತಗಳ ಜನರು ಒಂದೇ ಚಪ್ಪರದ ಕೆಳಗೆ ಕುಳಿತರು. ಅಲ್ಲಿ ಕೇಳಿದುದು ಒಂದೇ ಮಾತು: ಗುಡ್ಡವನ್ನು ಗುಡ್ಡವಾಗಿ ಇರಗೊಡಿರಿ. ಅದೇ ವರ್ಷದ ಏಪ್ರಿಲಿನಲ್ಲಿ ಸರ್ಕಾರವು ಮೀಸಲಿನ ಸ್ಥಾನವನ್ನು ಮರಳಿ ಕೊಟ್ಟಿತು. ೨೦೧೯ರಲ್ಲಿ ಸುಮಾರು ೨೪೪ ಚದರ ಕಿಲೋಮೀಟರಿನ ಪ್ರದೇಶವು ಕಪ್ಪತಗುಡ್ಡ ವನ್ಯಜೀವಿಧಾಮವೆನಿಸಿತು. ಆ ದಿನವನ್ನು ನೋಡಲು ತೋಂಟದ ಶ್ರೀಗಳು ಇರಲಿಲ್ಲ. ಅವರು ೨೦೧೮ರ ಅಕ್ಟೋಬರಿನಲ್ಲಿಯೇ ಲಿಂಗೈಕ್ಯರಾಗಿದ್ದರು. ನೆಟ್ಟವನು ಒಬ್ಬ, ನೆರಳನ್ನುಂಡವರು ಮತ್ತೊಬ್ಬರು. ಮರದ ಧರ್ಮವೂ ಅದೇ, ಗುರುವಿನ ಧರ್ಮವೂ ಅದೇ.

ಶರಣಬಂಧುಗಳೇ, ಇಷ್ಟನ್ನು ಹೇಳಿ ಸಂತೋಷದಿಂದ ಎದ್ದುಹೋಗುವುದು ಸುಲಭ. ಆದರೆ ಇನ್ನೊಂದು ಪಕ್ಷದ ಮಾತನ್ನು ಕೇಳದೆ ತೀರ್ಮಾನಿಸುವುದು ನ್ಯಾಯವಲ್ಲ. ಗುಡ್ಡದ ತಪ್ಪಲಿನ ಬಡವನು ಹೀಗೆ ಕೇಳುವನು: “ಪಟ್ಟಣದವರು ಗುಡ್ಡ ಉಳಿಯಲಿ ಎನ್ನುವರು, ನನ್ನ ಮಗನಿಗೆ ಕೆಲಸವನ್ನು ಕೊಡುವವರಾರು? ಕಾರ್ಖಾನೆ ಬಂದಿದ್ದರೆ ಕೂಲಿಯಾದರೂ ಸಿಕ್ಕುತ್ತಿತ್ತು. ಈಗ ಕಟ್ಟಳೆಗಳು ಬಿಗಿಯಾಗಿ ನನ್ನ ಕುರಿಗಳು ಮೇಯುವುದೆಲ್ಲಿ?” ಈ ಪ್ರಶ್ನೆಯು ಕಟುವಾದುದು, ಆದರೆ ಸುಳ್ಳಲ್ಲ. ಗಣಿಯು ಅಗೆದು ಮುಗಿಯುವವರೆಗೆ ಮಾತ್ರ ಕೂಲಿ, ಗುಡ್ಡವು ಎಂದೆಂದಿಗೂ ನೀರು ಎಂಬ ಉತ್ತರವು ಸತ್ಯವಾದರೂ, ಇಂದು ಹಸಿದವನಿಗೆ ಅದು ಸಾಲದು. ಗುಡ್ಡವನ್ನು ಉಳಿಸಿರೆಂದು ಹೇಳುವವರ ಮೇಲೆ ಗುಡ್ಡದ ಮಕ್ಕಳನ್ನು ಉಳಿಸುವ ಹೊಣೆಯೂ ಬೀಳುವುದು. ಕೊಕ್ಕರೆ ಬೆಳ್ಳೂರಿನಲ್ಲಿ ಮರದ ಒಡೆಯನಿಗೆ ಹಣವನ್ನು ಕೊಟ್ಟುದರ ಮರ್ಮವು ಇದೇ. ಎಲ್ಲರ ಒಳಿತಿಗಾಗಿ ಒಬ್ಬನು ನಷ್ಟಪಟ್ಟರೆ ಆ ನಷ್ಟವನ್ನು ಎಲ್ಲರೂ ಹಂಚಿಕೊಳ್ಳಬೇಕು. ದಾಸೋಹವೆಂದರೂ ಇದೇ ಅಲ್ಲವೇ?

ಹಾಗೆಯೇ ಕಾನೂನು ಬಂದೊಡನೆ ಗುಡ್ಡವು ಕ್ಷೇಮವಾಯಿತೆಂದು ತಿಳಿಯಲಾಗದು. ಬೇಸಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದರೆ ಘೋಷಣೆಯ ಕಾಗದವು ಅದನ್ನು ಆರಿಸದು. ತಪ್ಪಲಿನ ಊರುಗಳ ಜನರು ಸೊಪ್ಪನ್ನು ಹಿಡಿದು ಓಡಬೇಕು. ಆ ಜನರು ಗುಡ್ಡವನ್ನು ತಮ್ಮದೆಂದು ತಿಳಿದರೆ ಓಡುವರು. ಸರ್ಕಾರದ್ದೆಂದು ತಿಳಿದರೆ ನಿಂತು ನೋಡುವರು. ಎಲ್ಲ ಕಾಪಿನ ಮೂಲವೂ ಈ ‘ತಮ್ಮದು’ ಎಂಬ ಭಾವದಲ್ಲಿದೆ.

ಅಂತಹ ಭಾವಕ್ಕೆ ಆಯ್ದಕ್ಕಿ ಲಕ್ಕಮ್ಮನವರ ಕಥೆಗಿಂತ ಉತ್ತಮವಾದ ದೃಷ್ಟಾಂತವಿಲ್ಲ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದುತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಬೇಕಾದುದಕ್ಕಿಂತ ಹೆಚ್ಚಿನದು ತಮಗೆ ಸಲ್ಲದೆಂದು ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಹಾಕಿ ಬರುವಂತೆ ಕಳುಹಿಸಿದರು. ಆ ತಾಯಿಯು ಅಂದು ಅಕ್ಕಿಗೆ ಹಾಕಿದ ಅಳತೆಯನ್ನೇ ಇಂದು ಮರಳಿಗೆ, ಅದಿರಿಗೆ, ಕೊಳವೆಬಾವಿಯ ನೀರಿಗೆ ಹಾಕಬೇಕಾಗಿದೆ. ನಾಳಿನವರ ಪಾಲನ್ನು ಇಂದೇ ಮನೆಗೆ ಹೊತ್ತು ತಂದವನನ್ನು ಮರಳಿ ಕಳುಹಿಸುವ ಲಕ್ಕಮ್ಮಂದಿರು ಪ್ರತಿಯೊಂದು ಮನೆಯಲ್ಲಿಯೂ ಹುಟ್ಟಬೇಕು.

ಕಾಪಾಡುವುದರೊಡನೆ ಸಂಭ್ರಮಿಸುವುದನ್ನೂ ಮರೆಯಬಾರದು. ಸಂಭ್ರಮವಿಲ್ಲದ ಕಾಪು ಬಹುಕಾಲ ಬಾಳದು. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬಿದ್ದಾಗ ಊರಿನ ಮುತ್ತೈದೆಯರು ಬಾಗಿನವನ್ನು ಅರ್ಪಿಸುವ ವಾಡಿಕೆಯು ಸುಮ್ಮನೆ ಬಂದುದಲ್ಲ. ಆ ದಿನ ಊರಿನವರೆಲ್ಲರೂ ಏರಿಯ ಮೇಲೆ ನಡೆಯುವರು. ನಡೆಯುವಾಗ ಏರಿಯ ಬಿರುಕು, ತೂಬಿನ ಸೋರಿಕೆಗಳು ಕಣ್ಣಿಗೆ ಬೀಳುವುವು. ಉತ್ಸವವೇ ತಪಾಸಣೆಯಾಗುವುದು. ಆದರೆ ಜಾತ್ರೆಯ ಮರುದಿನ ಎಲೆ, ಲೋಟ, ಚೀಲಗಳ ರಾಶಿಯು ಕೆರೆಯ ಮೇಲೆ ತೇಲುವುದಾದರೆ, ಅದು ದೇವರಿಗೆ ಸಲ್ಲಿಸಿದ ಸೇವೆಯಾಗಲಾರದು. ಮಹೋತ್ಸವದ ಮಂಟಪಕ್ಕಾಗಿ ಹಳೆಯ ಮರವೊಂದನ್ನು ಕಡಿಯಬೇಕಾಗಿ ಬಂದರೆ, ಮಂಟಪವನ್ನು ಪಕ್ಕಕ್ಕೆ ಸರಿಸುವುದೇ ಲೇಸು. ಮಂಟಪವು ಮೂರು ದಿನದ್ದು, ಮರವು ಮೂರು ತಲೆಮಾರಿನದು.

ಹಾಗಾದರೆ ಶ್ರೀಮಠದ ಭಕ್ತರು ಮಾಡಬಹುದಾದುದೇನು? ದೊಡ್ಡ ಸಂಕಲ್ಪಗಳಿಗಿಂತ ಸಣ್ಣ ನಿಯಮಗಳು ಲೇಸು. ಪ್ರತಿಯೊಂದು ಊರಿನ ಭಕ್ತರೂ ತಮ್ಮ ಊರಿನ ಕೆರೆ, ತೋಪು, ಗೋಮಾಳಗಳ ಎಲ್ಲೆಯನ್ನು ಕಂದಾಯದ ಲೆಕ್ಕದಿಂದ ತಿಳಿದುಕೊಳ್ಳಲಿ; ಎಲ್ಲೆಯನ್ನರಿಯದವನು ಒತ್ತುವರಿಯನ್ನು ತಡೆಯಲಾರನು. ಬೇಸಗೆಯಲ್ಲಿ ಒಂದು ದಿನವನ್ನು ಹೂಳೆತ್ತುವುದಕ್ಕೆ ಮೀಸಲಿಡಲಿ. ಸಸಿ ನೆಡುವವರು ಮೂರು ವರ್ಷ ಅದಕ್ಕೆ ನೀರೆರೆಯುವವರ ಹೆಸರನ್ನು ಮೊದಲೇ ಗೊತ್ತುಮಾಡಲಿ. ನಾಡವೈದ್ಯರು, ಕುರುಬರು, ಹಿರಿಯ ರೈತರು ಬಲ್ಲ ಗಿಡಮರಗಳ ಹೆಸರನ್ನೂ ಗುಣವನ್ನೂ ಮಠದ ವಿದ್ಯಾರ್ಥಿಗಳು ಬರೆದಿಡಲಿ. ಆ ತಿಳಿವಳಿಕೆಯು ಹಿರಿಯರೊಡನೆ ಮಣ್ಣುಗೂಡಿದರೆ ಮತ್ತೆ ದೊರಕದು. ಕುವೆಂಪುನಗರದ ಭಕ್ತರಿಗೆ ಎರಡು ಕೆರೆಗಳು ನಡಿಗೆಯಷ್ಟು ದೂರದಲ್ಲಿವೆ. ಬೆಳಗಿನ ಗಾಳಿಗಾಗಿ ದಂಡೆಯಲ್ಲಿ ನಡೆಯುವವರು, ಕೆರೆಗೆ ಮಳೆಯ ನೀರು ಬರುವ ಕಾಲುವೆಯು ಮುಚ್ಚಿಹೋಗಿದೆಯೇ, ಕೊಳಚೆಯ ನೀರು ಸೇರುತ್ತಿದೆಯೇ ಎಂಬುದನ್ನೂ ನೋಡುತ್ತ ನಡೆದರೆ, ಕಂಡುದನ್ನು ಸಂಬಂಧಪಟ್ಟವರಿಗೆ ಬರೆದು ತಿಳಿಸಿದರೆ, ಆ ನಡಿಗೆಯೇ ಕಾಯಕವಾಗುವುದು.

ನೆಲವನ್ನು ಯಾರೂ ಹುಟ್ಟಿಸಲಿಲ್ಲ; ಹುಟ್ಟಿದವರೆಲ್ಲರಿಗೂ ಅದು ಪ್ರಸಾದವಾಗಿ ಬಂದಿತು. ಪ್ರಸಾದವನ್ನು ಚೆಲ್ಲಬಾರದು, ಕೆಡಿಸಬಾರದು, ಒಬ್ಬನೇ ಉಣ್ಣಬಾರದು ಎಂಬುದು ಚಿಕ್ಕ ಮಗುವಿಗೂ ಗೊತ್ತಿರುವ ನಿಯಮ. ಈ ನಿಯಮವನ್ನು ತಟ್ಟೆಯಿಂದ ಹೊಲಕ್ಕೆ, ಹೊಲದಿಂದ ಕೆರೆಗೆ, ಕೆರೆಯಿಂದ ಗುಡ್ಡಕ್ಕೆ ವಿಸ್ತರಿಸಿದರೆ ಸಾಕು. ಈ ಮಹೋತ್ಸವವನ್ನು ಕಂಡ ಮಕ್ಕಳು ಮುಂದಿನ ಮಹೋತ್ಸವಕ್ಕೆ ಮುದುಕರಾಗಿ ಬಂದಾಗ ಗುಡ್ಡದಲ್ಲಿ ಹುಲ್ಲೂ, ಕೆರೆಯಲ್ಲಿ ನೀರೂ, ಮರದಲ್ಲಿ ಹಕ್ಕಿಯೂ ಉಳಿದಿರಲಿ. ಅದಕ್ಕೆ ಬೇಕಾದ ಬುದ್ಧಿಯನ್ನೂ ಬಲವನ್ನೂ ಶ್ರೀಗುರುವು ಸಕಲ ಸದ್ಭಕ್ತರಿಗೂ ಕರುಣಿಸಲಿ.